ವಾರ ಮುರಿದವನು

"ಗುದ್ಲಿ ಕೆಳಗ ಇಡು!" ಎಂದು ಊರ ಹಿರಿಯ ಮಡಿವಾಳೆಪ್ಪ ಓಡಿ ಬರುವಷ್ಟರಲ್ಲಿ ಮಾಲಾ ಸತ್ತ ಅಪ್ಪನನ್ನು ಹೂಳುವ ಗುಂಡಿ ತೋಡಲು ಮೊದಲ ಏಟು ಹಾಕಿಬಿಟ್ಟಿದ್ದಳು.

"ದನಕ್ಕ ಗಂಟುರೋಗ ಬಂದೈತಂತ ಐದು ಮಂಗಳಾರ ವಾರ ಹಿಡದೇವಿ. ಇವತ್ತ ಮಣ್ಣ ಮುಟ್ಟಂಗಿಲ್ಲ, ಹಲಗಿ ಬಾರಸಂಗಿಲ್ಲ. ನಾಳೆ ಹೂಳ್ರಿ."

"ಅಪ್ಪ ಸತ್ತಾನ್ರಿ, ಬೀಗರ ಊರಿಗೆ ಹೊಂಟಿಲ್ಲ, ನಾಳೆ ಬಾ ಅನ್ನಾಕ," ಎಂದ ಅವಳ ತಮ್ಮ ಯುವರಾಜ.

"ಊರಾಗ ದನ ಸತ್ರ ಹೊಣಿ ಯಾರು?"

"ಹೋದ ಸರ್ತಿ ಹೊಣಿ ಯಾರಿದ್ರು?" ಮಾಲಾ ಗುದ್ದಲಿ ನಿಲ್ಲಿಸಲಿಲ್ಲ. "ಮನ್ಯಾಗ ಚಾಪಿ ಮ್ಯಾಲ ಮಲಗ್ಯಾನಲ್ರಿ, ಅಂವ."

*

ಮೂರು ವರ್ಷದ ಹಿಂದೆ ಇದೇ ರೋಗ ಬಂದಾಗಲೂ ಊರು ವಾರ ಹಿಡಿದಿತ್ತು. ಸತ್ತ ದನಗಳನ್ನು ಹಳ್ಳಕ್ಕೆ ಎಳೆದು ಬಿಡುತ್ತಿದ್ದರು. ನೊಣ ಮುತ್ತುತ್ತಿತ್ತು. ಮಾಲಾಳ ಅಪ್ಪ ಸತ್ಯಪ್ಪನೊಬ್ಬನೇ ವಾರದ ದಿನವೂ ಆಳುದ್ದ ಗುಂಡಿ ತೋಡಿ, ಸುಣ್ಣ ಸುರಿದು ಹೂಳಿದ. ಬೈದವರಿಗೆ, "ರೋಗಕ್ಕ ವಾರ ಗೊತ್ತೇನ್ರಿ?" ಎನ್ನುತ್ತಿದ್ದ.

ಒಂದು ಮಂಗಳವಾರ ಬೆಳಿಗ್ಗೆ ಮಡಿವಾಳೆಪ್ಪನೇ ಸತ್ಯಪ್ಪನ ಕೇರಿಗೆ ಬಂದ. ಅವನ ಬಿಳಿ ಎತ್ತು ಮೈತುಂಬ ಗಂಟೆದ್ದು ಸತ್ತಿತ್ತು.

"ಯಾರಿಗೂ ಗೊತ್ತಾಗದಂಗ ಮುಗಿಸಪಾ."

"ಕಳ್ಳತನದಾಗ ಹೂಳಂಗಿಲ್ರಿ. ಹನ್ನೆರಡು ವರ್ಷ ನಿಮ್ಮ ಹೊಲಾ ಎಳದೈತಿ. ಊರ ಅಗಸಿ ಬಾಗಲ ಮುಂದ ಹಾದು ಹೋಗ್ಲಿ."

ಮಡಿವಾಳೆಪ್ಪ ಒಪ್ಪಲಿಲ್ಲ. ಎತ್ತು ಬಿಸಿಲಲ್ಲಿ ಬಿದ್ದಿತ್ತು. ಕೊನೆಗೆ ಅವನ ಹೆಂಡತಿ ಸುಂದರವ್ವ, "ಒಯ್ಯೋ ಯಣ್ಣಾ, ಎಲ್ಲಾರೂ ನೋಡ್ಲಿ," ಎಂದಳು. ಹೂಳಿದ ಮೇಲೆ ಸತ್ಯಪ್ಪ ಎತ್ತಿನ ಕೊರಳ ಗಂಟೆಯನ್ನು ನೀರಲ್ಲಿ ಕುದಿಸಿ ಅವಳ ಕೈಗೆ ಕೊಟ್ಟ.

ಮರುದಿನ ಹಿರಿಯರ ಕಟ್ಟೆಯಲ್ಲಿ ವಾರ ಮುರಿದ ತಪ್ಪು ಸತ್ಯಪ್ಪನೊಬ್ಬನದೇ ಆಯಿತು. ಊರ ಚಹಾ ಅಂಗಡಿ ಅವನಿಗೆ ಮುಚ್ಚಿತು. ಸಾಯುವವರೆಗೂ ತೆರೆಯಲಿಲ್ಲ.

*

ಗುಂಡಿ ಮುಗಿಸಿ ಬಂದು ಹೆಣ ಎತ್ತಿದರು. ಊರಿಗೆ ಹೆದರಿ, ಹಲಗೆ ಬಾರಿಸುವವರು ಯಾರೂ ಬಂದಿರಲಿಲ್ಲ.

"ಹಿಂದಿನ ಹಾದೀಲೆ ಒಯ್ಯಿರಿ," ಎಂದ ಮಡಿವಾಳೆಪ್ಪ, ಅಡ್ಡ ನಿಂತು. "ಸಪ್ಪಳ ಮಾಡಬ್ಯಾಡ್ರಿ."

"ಅಗಸಿ ಮುಂದನ ಒಯ್ಯೂದು," ಎಂದಳು ಮಾಲಾ. "ನಿಮ್ಮ ಎತ್ತು ಹೋತಲ್ರಿ, ಅದ ಹಾದಿ."

ಆಗ ಗಂಡನ ಬೆನ್ನ ಹಿಂದಿನಿಂದ ಸುಂದರವ್ವ ಬಂದಳು. ಸೆರಗಿನೊಳಗಿಂದ ಆ ಗಂಟೆ ತೆಗೆದಳು.

"ಏ, ಮನೀಗೆ ನಡಿ!"

"ಅಂವಗ ಚಹಾ ಬಂದ್ ಮಾಡ್ದಾಗ ನಾ ಸುಮ್ನ ಕುಂತಿದ್ನೆಲ್ಲ, ಅಷ್ಟ ಸಾಕು," ಎಂದು ಅವಳು ಹೆಣದ ಮುಂದೆ ನಡೆದಳು.

ವಾರ ಹಿಡಿದ ಊರು ಬಾಗಿಲು ಹಾಕಿಕೊಂಡು ಸುಮ್ಮನಿತ್ತು. ಅಗಸಿ ಹತ್ತಿರ ಸುಂದರವ್ವ ಕೈ ಮೇಲೆತ್ತಿ, ತೋಳು ನೋಯುವಂತೆ ಗಂಟೆ ಬಾರಿಸಿದಳು. ಮುಚ್ಚಿದ ಬಾಗಿಲುಗಳ ಹಿಂದೆ, ಮಲಗಿದ್ದ ದನಗಳು ಕಿವಿ ನಿಮಿರಿಸಿ, ಒಂದೊಂದಾಗಿ ಎದ್ದು ನಿಂತವು.