ಮೊಸಳೆ ಮುದ್ರೆಯ ಕೆಂಪು ಬಟ್ಟೆ

ಬಾಗಿಲ ಪಕ್ಕದ ಮೇಜು ಯಾರದು ಎಂಬ ಪ್ರಶ್ನೆ ಸಾರ್ಪಾಂಗ್ ಅವರ ಪ್ಲೈವುಡ್ ಕಾರ್ಖಾನೆಯಲ್ಲಿ ಹದಿನೇಳು ವರ್ಷ ಯಾರಿಗೂ ಬಂದಿರಲಿಲ್ಲ. ಅದು ಕಾರ್ಯದರ್ಶಿ ಬಿರಾಗೊಳದು. ಕುಮಾಸಿಯ ಮರದ ವ್ಯಾಪಾರಿಗಳಿಗೆಲ್ಲ ಗೊತ್ತಿತ್ತು: ಸಾರ್ಪಾಂಗ್ ಅವರನ್ನು ಕಾಣಬೇಕಾದರೆ ಮೊದಲು ಬಿರಾಗೊಳ ಯೋಗಕ್ಷೇಮ ಕೇಳಬೇಕು, ಅವಳ ಮೊಮ್ಮಗಳ ಕೆಮ್ಮು ವಿಚಾರಿಸಬೇಕು, ಆಮೇಲೆ ಬಂದ ಕೆಲಸ. ಅವಳು ಕತ್ತು ಅಲ್ಲಾಡಿಸಿದರೆ ಬಾಗಿಲು ತೆರೆಯುತ್ತಿತ್ತು. ಅಲ್ಲಾಡಿಸದಿದ್ದರೆ ಸಾಹೇಬರು ಊರಲ್ಲಿಲ್ಲ.

ಮಳೆಗಾಲಕ್ಕೆ ಮುಂಚೆ ಬಾಗಿಲ ಇನ್ನೊಂದು ಪಕ್ಕಕ್ಕೆ ಎರಡನೆಯ ಮೇಜು ಬಂತು. ಅದರ ಹಿಂದೆ ಕೊನಾಡು ಎಂಬ ಹುಡುಗಿ ಬಂದು ಕೂತಳು. ತೇಮಾ ಬಂದರಿನ ಕಡೆ ಬೆಳೆದವಳು, ಇಪ್ಪತ್ತೇಳರ ವಯಸ್ಸು, ಕೂದಲನ್ನು ತಲೆಗೆ ಅಂಟುವಂತೆ ಕತ್ತರಿಸಿಕೊಂಡಿದ್ದಳು. ಹೆಸರಿಗೆ ಅವಳು ಬಿರಾಗೊಳ ಸಹಾಯಕಿ.

ಮೊದಲ ವಾರದಲ್ಲೇ ಸಾರ್ಪಾಂಗ್ ಒಂದು ಮಾತು ಹೇಳಿದರು. ಬ್ಯಾಂಕಿನವರು ಬರುವ ದಿನ, ಅವರು ಏನೇನು ಕೇಳಬಹುದು ಎಂದು ಕೊನಾಡು ಬೆಳಿಗ್ಗೆಯೇ ಅವರ ಕಿವಿಗೆ ಹಾಕಿದ್ದಳು. ಬ್ಯಾಂಕಿನವರು ಅದನ್ನೇ ಕೇಳಿದರು. ಅವರನ್ನು ಕಳಿಸಿ ಹೊರಬಂದ ಸಾರ್ಪಾಂಗ್ ಎರಡು ಮೇಜಿನ ನಡುವೆ ನಿಂತು ನಕ್ಕರು.

"ಬಿರಾಗೊ, ಈ ಹುಡುಗಿ ನೋಡು. ನಾನು ಕೇಳೋ ಮುಂಚೆನೇ ಎಲ್ಲಾ ಆಗಿರುತ್ತೆ."

ಬಿರಾಗೊ ಕೂಡ ನಕ್ಕಳು. ಆ ನಗು ಮುಖದಲ್ಲಿ ಎಷ್ಟು ಹೊತ್ತು ಇತ್ತೋ, ಆ ಮಾತು ಹೊಟ್ಟೆಯಲ್ಲಿ ಅದಕ್ಕಿಂತ ಬಹಳ ಕಾಲ ಉಳಿಯಿತು. ಅವಳ ಹದಿನೇಳು ವರ್ಷದ ಕೆಲಸವೆಲ್ಲ ಕೇಳಿದ ಮೇಲೆ ಮಾಡಿದ್ದು. ಚೆನ್ನಾಗಿಯೇ ಮಾಡಿದ್ದು, ಆದರೆ ಕೇಳಿದ ಮೇಲೆ.

ಆಮೇಲೆ ಕಣ್ಣಿಗೆ ಬೀಳುತ್ತಿದ್ದುದೆಲ್ಲ ಅದೇ. ಸಾಹೇಬರು ಕೆಮ್ಮಿದರೆ ಬಿಸಿನೀರು ಬಂದಿರುತ್ತಿತ್ತು. ಅವರಿಗೆ ಬೇಡವಾದವರಿಗೆ ಕೊನಾಡು ಇಲ್ಲವೆಂದು ಹೇಳುವ ಬಗೆ ಹೇಗಿತ್ತೆಂದರೆ, ಹೋಗುವವನು ಧನ್ಯವಾದ ಹೇಳಿ ಹೋಗುತ್ತಿದ್ದ. ಬಿರಾಗೊ ಇಲ್ಲವೆಂದರೆ ಜನ ಬೈದುಕೊಂಡು ಹೋಗುತ್ತಿದ್ದರು. ಆಫೀಸಿನ ಮೊಬೈಲು ಕೂಡ ಒಂದು ದಿನ ಆಚೆ ಮೇಜಿಗೆ ಹೋಯಿತು.

"ನಿನಗ್ಯಾಕೆ ಆ ಗಲಾಟೆ ಬಿರಾಗೊ, ಅವಳು ನೋಡ್ಕೋತಾಳೆ," ಎಂದರು ಸಾರ್ಪಾಂಗ್. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಅದೇ ಹೆಚ್ಚು ಉರಿಯಿತು.

ಹೊಟ್ಟೆಕಿಚ್ಚಿಗೆ ಅಲ್ಲಿ ಕಣ್ಣು ಕೆಂಪಾಗುವುದು ಎನ್ನುತ್ತಾರೆ. ಡ್ರೈವರ್ ಆಟಾಕೋರಾ ಊಟದ ಹೊತ್ತಿಗೆ ಕೆಣಕುತ್ತಿದ್ದ. "ಆಂಟಿ, ನಿಮ್ಮ ಕಣ್ಣು ಯಾಕೋ ಕೆಂಪಾಗಿದೆಯಲ್ಲ. ಮೆಣಸು ಜಾಸ್ತಿಯಾಯ್ತಾ?"

"ನಿನ್ನ ಬಾಯಿಗೆ ಗ್ರೀಸು ಹಚ್ಚಿದೋರು ಯಾರೋ? ಹೋಗಿ ಗಾಡಿ ಒರಸು."

"ಒರಸಿದೀನಿ ಆಂಟಿ. ಕೊನಾಡು ಮೇಡಂ ಬೆಳಿಗ್ಗೆನೇ ಹೇಳಿದ್ರು."

ಒಂದು ಮಾತ್ರ ಬಿರಾಗೊಳ ಕೈಯಲ್ಲಿ ಉಳಿದಿತ್ತು. ಕಾರ್ಖಾನೆಯ ದಿಮ್ಮಿಗಳನ್ನು ಪೇರಿಸುವ ಬಯಲು ಅಸೂಬೊಂಟೆ ಊರಿನ ಅರಸುಪೀಠಕ್ಕೆ ಸೇರಿದ್ದು. ಅದರ ಗುತ್ತಿಗೆ ಹೊಸದಾಗುವ ವರ್ಷ ಇದು. ಅರಮನೆಯಲ್ಲಿ ಸಾರ್ಪಾಂಗ್ ಮುಂದೆ ಕೂರುತ್ತಾರೆ, ಅವರ ಹಿಂದೆ ಒಂದು ಕುರ್ಚಿ ಹಾಕುತ್ತಾರೆ. ಯಾವ ಹಿರಿಯನಿಗೆ ಮೊದಲು ಕೈ ಕೊಡಬೇಕು, ಕಾಣಿಕೆ ಮದ್ಯದ ಯಾವ ಬಾಟಲಿ ಯಾರಿಗೆ, ಯಾವಾಗ ಸುಮ್ಮನಿರಬೇಕು ಎಂದು ಆ ಕುರ್ಚಿಯಿಂದ ಪಿಸುಗುಟ್ಟಬೇಕು. ಕಳೆದ ಸಲ ಅಲ್ಲಿ ಕೂತಿದ್ದವಳು ಬಿರಾಗೊ. ಆ ದಿನದ ಫೋಟೋ ಅವಳ ಮನೆಯ ಗೋಡೆಯ ಮೇಲಿದೆ.

ಆಗಸ್ಟಿನಲ್ಲಿ ಸಾರ್ಪಾಂಗ್ ಹೇಳಿದರು: "ಈ ಸಲ ಅರಮನೆಗೆ ಕೊನಾಡುನ ಕರ್ಕೊಂಡು ಹೋದ್ರೆ ಹೇಗೆ? ಕಲೀಲಿ. ನೀನು ಎಷ್ಟು ದಿನ ಅಂತ ಓಡಾಡ್ತೀಯ?"

"ನೋಡೋಣ ಸರ್," ಎಂದಳು ಬಿರಾಗೊ.

ಅಂದಿನಿಂದ ಅವಳಿಗೆ ಒಂದೇ ಯೋಚನೆ. ಒಂದು ಸಲ, ಒಂದೇ ಒಂದು ಸಲ, ಅವರು ಕೇಳುವ ಮುಂಚೆಯೇ ಒಂದು ದೊಡ್ಡ ಕೆಲಸ ಮಾಡಿ ಮುಗಿಸಿಬಿಡಬೇಕು. ಆ ಹುಡುಗಿಗೆ ಜನ್ಮದಲ್ಲಿ ಹೊಳೆಯದಂಥದ್ದು.

ಅವಕಾಶ ತಾನಾಗಿ ಬಂದಂತೆ ಕಂಡಿತು. ಗುತ್ತಿಗೆಯ ಸಭೆಯನ್ನು ಅರಮನೆ ಕಾರಣ ಹೇಳದೆ ಮುಂದೂಡಿತು. ಇನ್ನೊಮ್ಮೆ ಮುಂದೂಡಿತು. ಪೀಠದ ಹಬ್ಬದ ಭಾನುವಾರ ಅಸೂಬೊಂಟೆಯ ಒಡೆಯ, ಎಲ್ಲರೂ ನಾನಾ ಎಂದು ಕರೆಯುವವರು, ಪದ್ಧತಿಯಂತೆ ಛತ್ರಿಯ ಕೆಳಗೆ ಹೊರಗೆ ಬರಲಿಲ್ಲ. ಅರಮನೆಯ ಮಾತುಗಾರನಿಗೆ, ಅಂದರೆ ನಾನಾ ಅವರ ಮಾತನ್ನು ಸಭೆಗೆ ಮುಟ್ಟಿಸುವ, ದಂಡ ಹಿಡಿದ ಹಿರಿಯನಿಗೆ, ಬಿರಾಗೊ ಫೋನ್ ಮಾಡಿದಳು. ಅವಳು ಬಾಯಿ ತೆರೆಯುವ ಮೊದಲೇ ಆತ "ನಾನಾ ಚೆನ್ನಾಗಿದ್ದಾರಮ್ಮ" ಎಂದ.

ಕೇಳುವ ಮೊದಲೇ ಚೆನ್ನಾಗಿದ್ದಾರೆ ಎಂದರೆ ಏನರ್ಥ? ಬಿರಾಗೊಗೆ ಅನುಮಾನವೇ ಉಳಿಯಲಿಲ್ಲ. ನಾನಾ ಇನ್ನಿಲ್ಲ. ಅರಮನೆ ತಾನಾಗಿ ಸಾರುವವರೆಗೆ, ಪದ್ಧತಿಯ ಲೆಕ್ಕದಲ್ಲಿ, ಒಡೆಯ ಸತ್ತಿರುವುದಿಲ್ಲ. ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ಅದನ್ನು ಬಾಯಲ್ಲಿ ಆಡಿದವರದು ದೊಡ್ಡ ಅಪರಾಧ. ಅವಳು ಆಡಲಿಲ್ಲ. ಸಾಹೇಬರಿಗೂ ಹೇಳಲಿಲ್ಲ.

ಆದರೆ ಸಾರಿದ ಮರುದಿನ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಕುಮಾಸಿಯ ಪೇಟೆಯಲ್ಲಿ ಸಾವಿಗೆ ಉಡುವ ಕೆಂಪು ಬಟ್ಟೆ ಸಿಗುವುದಿಲ್ಲ. ಮುದ್ರೆ ಒತ್ತುವವರಿಗೆ ಬಿಡುವಿರುವುದಿಲ್ಲ. ಬೇರೆ ಕಂಪನಿಯವರೆಲ್ಲ ಸಿಕ್ಕಿದ್ದು ಸುತ್ತಿಕೊಂಡು ಬರುತ್ತಾರೆ. ಸಾರ್ಪಾಂಗ್ ಅವರ ಕಡೆಯವರು ಮಾತ್ರ ಒಂದೇ ಬಣ್ಣದಲ್ಲಿ, ಎಲ್ಲರೂ ಒಂದು ದಿನ ಹತ್ತಲೇಬೇಕಾದ ಸಾವಿನ ಏಣಿಯ ಗುರುತಿನ ಪಕ್ಕದಲ್ಲಿ ಅಸೂಬೊಂಟೆ ಅರಸುಮನೆಯ ಮೊಸಳೆ ಮುದ್ರೆ ಒತ್ತಿಸಿದ ಬಟ್ಟೆಯಲ್ಲಿ ಸಾಲಾಗಿ ನಡೆಯುತ್ತಾರೆ. ರಾಜಮಾತೆ ಕಣ್ಣೆತ್ತಿ ನೋಡುತ್ತಾಳೆ. ಸಾರ್ಪಾಂಗ್ ಹಿಂದೆ ತಿರುಗಿ ಕೇಳುತ್ತಾರೆ: ಇದು ಯಾವಾಗ ಮಾಡಿಸಿದೆ ಬಿರಾಗೊ?

ಕೊನಾಡು ಊಟಕ್ಕೆ ಹೋದಾಗ ಆಫೀಸಿನ ಮೊಬೈಲು ಮೇಜಿನ ಮೇಲಿತ್ತು. ಬಟ್ಟೆಯಂಗಡಿಯ ದುಫಿಯೆ ಆ ನಂಬರಿನಿಂದ ಹೋದ ಆರ್ಡರಿಗೆ ಮಾತ್ರ ಮುಂಗಡ ಕೇಳುತ್ತಿರಲಿಲ್ಲ. ಬಿರಾಗೊ ಸಂದೇಶ ಕಳಿಸಿದಳು. ನಾನಾ ಅವರ ಹೆಸರು ಬರೆಯಲಿಲ್ಲ. ಮುದ್ರೆಯ ವಿವರ ಮಾತ್ರ ಒಂದು ಗೆರೆಯೂ ತಪ್ಪದಂತೆ ಬರೆದಳು. ಅಲ್ಲೇ ಎಡವಿದ್ದು. ಮುದ್ರೆ ಒತ್ತುವವನ ಹೆಂಡತಿ ಅಸೂಬೊಂಟೆಯವಳು.

ಮುಂದಿನ ವಾರ ಅರಮನೆಯ ಮಾತುಗಾರ ತಾನೇ ಆಫೀಸಿಗೆ ಬಂದ. ಬಂಗಾರದ ಬಣ್ಣದ ದಂಡ ಕೈಯಲ್ಲಿತ್ತು. ಕೊನಾಡು ತಟ್ಟೆಯಲ್ಲಿ ನೀರಿನ ಲೋಟ ಇಟ್ಟು ಎರಡೂ ಕೈಯಲ್ಲಿ ಹಿಡಿದಳು. ಆತ ನೀರು ಮುಟ್ಟಲಿಲ್ಲ. ಅತಿಥಿ ನೀರು ಮುಟ್ಟದಿದ್ದರೆ ಅವನು ತಂದ ಸುದ್ದಿ ಎಂಥದ್ದೆಂದು ಆ ಕೋಣೆಯಲ್ಲಿ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಸಾರ್ಪಾಂಗ್ ಎದ್ದು ನಿಂತರು.

"ಸಾರ್ಪಾಂಗ್, ನಿನ್ನ ಆಫೀಸು ನಮ್ಮ ಮನೆಗೆ ಹೆಣ ಕಳಿಸಿದೆ," ಎಂದ ಮಾತುಗಾರ. "ಮೊಸಳೆ ಮುದ್ರೆಯ ಕೆಂಪು ಬಟ್ಟೆ. ನಿನ್ನ ಆಫೀಸಿನ ಫೋನಿಂದ. ಯಾರಿಗಪ್ಪಾ ಅದು? ನಮ್ಮಲ್ಲಿ ಯಾರು ಸತ್ತಿದ್ದಾರೆ?"

ಸಾರ್ಪಾಂಗ್ ತಲೆ ಬಗ್ಗಿಸಿದರು. "ಹಿರಿಯರೇ, ನನಗೆ ತಿಳೀದು."

"ತಿಳ್ಕೋ. ಆರ್ಡರ್ ಮಾಡಿದ ಕೈಯನ್ನ ಗುರುವಾರ ಕರ್ಕೊಂಡು ಬಾ. ತಪ್ಪು ಕಾಣಿಕೆಗೆ ಕುರಿ ತಗೊಂಡು ಬಾ. ಗುತ್ತಿಗೆ ಮಾತು ಆಮೇಲೆ. ಇದ್ರೆ."

ಆತ ಹೋದ ಮೇಲೆ ಸಾರ್ಪಾಂಗ್ ಆಫೀಸಿನ ಮೊಬೈಲನ್ನು ತೆರೆದು ಸಂದೇಶ ನೋಡಿದರು. ಅವರ ಕಣ್ಣು ಬಲಗಡೆಯ ಮೇಜಿಗೆ ಹೋಯಿತು. ಬಿರಾಗೊ ಎಡಗಡೆಯ ಮೇಜಿನಲ್ಲಿ ಕೂತಿದ್ದಳು.

"ಕೊನಾಡು?"

ಕೊನಾಡು ಫೋನನ್ನು ಕೈಗೆ ತೆಗೆದುಕೊಂಡು ಓದಿದಳು. ಅವಳ ಕಣ್ಣು ಒಂದು ಕ್ಷಣ ಬಿರಾಗೊಳ ಮೇಲೆ ನಿಂತಿತು. ಅವಳಿಗೆ ತಿಳಿಯಿತು. ತಿಳಿಯಿತೆಂದು ಬಿರಾಗೊಗೂ ತಿಳಿಯಿತು.

"ಫೋನು ನನ್ನ ಜವಾಬ್ದಾರಿ ಸರ್," ಎಂದಳು ಕೊನಾಡು. "ಅದ್ರಿಂದ ಏನು ಹೋದ್ರೂ ನನ್ನ ತಪ್ಪು."

ಬಿರಾಗೊಳ ಎದೆಯಲ್ಲಿ ಏನೋ ಹಗುರಾಯಿತು. ಇದೇ ಬೇಕಿತ್ತಲ್ಲವೇ? ತೇಮಾದವಳು, ಪದ್ಧತಿ ಗೊತ್ತಿಲ್ಲದವಳು, ಅವಸರದವಳು. ಎಲ್ಲರೂ ನಂಬುತ್ತಾರೆ. ಸಾಹೇಬರು ಈಗ ಗುಡುಗುತ್ತಾರೆ. ಅವಳು ಕಾದಳು.

ಸಾರ್ಪಾಂಗ್ ಗುಡುಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಹಣೆ ಉಜ್ಜಿಕೊಂಡರು.

"ಹೆದರ್ಬೇಡ. ಚಿಕ್ಕವಳು ನೀನು. ಗುರುವಾರ ನನ್ನ ಜೊತೆ ಕಾರಲ್ಲಿ ಬಾ, ಹೇಗೆ ಮಾತಾಡ್ಬೇಕು ಅಂತ ದಾರೀಲಿ ಹೇಳ್ಕೊಡ್ತೀನಿ. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಬಿಡು, ಅರಮನೆಗೆ ನಿನ್ನ ಗುರುತು ಹತ್ತುತ್ತೆ." ಆಮೇಲೆ ಬಿರಾಗೊಳ ಕಡೆ ತಿರುಗಿ ಮೆಚ್ಚುಗೆಯಿಂದ ಹೇಳಿದರು: "ನೋಡ್ದೆಯಾ, ಒಂದು ಸಬೂಬು ಹೇಳ್ಲಿಲ್ಲ."

ಕಾರಿನಲ್ಲಿ ಪಕ್ಕದ ಸೀಟು. ದಾರಿಯುದ್ದಕ್ಕೂ ಪಾಠ. ಅರಮನೆಗೆ ಗುರುತು. ತನ್ನ ತಪ್ಪು ಕೂಡ ಆ ಹುಡುಗಿಯ ಕೈಗೆ ಹೋಗಿ ಗುಣವಾಗಿ ಬದಲಾಗುತ್ತಿರುವುದನ್ನು ಬಿರಾಗೊ ಕಣ್ಣಾರೆ ಕಂಡಳು. ಅವಳಿಗೆ ತಡೆಯಲಾಗಲಿಲ್ಲ.

"ಅವಳಿಗೇನು ಗೊತ್ತು ಮೊಸಳೆ ಮುದ್ರೆ?" ಎಂದು ಎದ್ದೇ ನಿಂತಳು. "ಕೇಳಿ ನೋಡಿ ಸರ್, ಮೊಸಳೆ ಏಣಿಯ ಮೇಲಿರ್ಬೇಕೋ ಕೆಳಗಿರ್ಬೇಕೋ ಅಂತ! ಬಟ್ಟೆ ಹೇಳಿದ್ದು ನಾನು. ಪೂರ್ತಿ ನಾನೇ."

ಹೇಳಿ ಮುಗಿಸಿದ ಮೇಲೆ ಅವಳ ದನಿ ಅವಳಿಗೇ ಕೇಳಿಸಿತು. ತಪ್ಪು ಒಪ್ಪಿಕೊಂಡವಳ ದನಿಯಲ್ಲ; ಬಹುಮಾನ ಬೇರೆಯವರ ಪಾಲಾಯಿತೆಂದು ತಕರಾರು ತೆಗೆದವಳ ದನಿ.

ಸಾರ್ಪಾಂಗ್ ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು. "ನೀನಾ?" ಎಂದರು. ಅಷ್ಟೇ.

ಗುರುವಾರ ಕಾರಿನ ಹಿಂಬದಿಯಲ್ಲಿ, ಅಂಗಡಿಯಿಂದ ತಂದ ಕೆಂಪು ಬಟ್ಟೆಯ ಕಟ್ಟಿನ ಪಕ್ಕ, ಕುರಿ ಒಂದೇ ಸಮನೆ ಕೂಗುತ್ತಿತ್ತು. ಸಾರ್ಪಾಂಗ್ ಕಿಟಕಿಯ ಹೊರಗೆ ನೋಡುತ್ತಿದ್ದರು. ಬಿರಾಗೊಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಕೈ ನಡುಗುತ್ತದೆ. ಅರ್ಧ ದಾರಿಯಲ್ಲಿ ಆಟಾಕೋರಾ ಮುಂದಿನ ಸೀಟಿನಿಂದ ಒಂದು ಪೊಟ್ಟಣ ಚಾಚಿದ. ಸುಟ್ಟ ಬಾಳೆಕಾಯಿ, ಹುರಿದ ಕಡಲೆಕಾಯಿ.

"ಕೊನಾಡು ಮೇಡಂ ಕೊಟ್ರು. ಅರಮನೇಲಿ ಎಷ್ಟು ಹೊತ್ತಾಗುತ್ತೋ, ಆಂಟಿ ಮೊದಲೇ ತಿನ್ಲಿ ಅಂದ್ರು."

ತನ್ನ ಕಾಯಿಲೆಯ ವಿಷಯ ಬಿರಾಗೊ ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ತಿನ್ನಬಾರದು ಅಂದುಕೊಂಡಳು. ಕೈ ನಡುಗಲು ಶುರುವಾಗಿತ್ತು. ತಿಂದಳು. ಬಾಳೆಕಾಯಿ ಹದವಾಗಿ ಬೆಂದಿತ್ತು, ಅದಕ್ಕೂ ಸಿಟ್ಟು ಬಂತು.

ಅರಮನೆಯ ಅಂಗಳದಲ್ಲಿ ಸಾರ್ಪಾಂಗ್ ಚಪ್ಪಲಿ ಬಿಟ್ಟು, ಹೊದ್ದ ಬಟ್ಟೆಯನ್ನು ಭುಜದಿಂದ ಇಳಿಸಿದರು. ಬಿರಾಗೊ ತಲೆ ಬಗ್ಗಿಸಿ ಒಳಗೆ ನಡೆದು ಮಂಡಿಯೂರಿದಳು. ಆಮೇಲೆ ಕಣ್ಣೆತ್ತಿದಳು.

ಪೀಠದ ಮೇಲೆ ನಾನಾ ಕೂತಿದ್ದರು. ಸ್ವಲ್ಪ ಬಡವಾಗಿದ್ದರು. ಕಣ್ಣಿಗೆ ಕಪ್ಪು ಕನ್ನಡಕ. ಅಕ್ರಾದಲ್ಲಿ ಪೊರೆ ತೆಗೆಸಿಕೊಂಡು ಬಂದಿದ್ದರು. ಕಣ್ಣಿಗೆ ಪಟ್ಟಿ ಕಟ್ಟಿದ ಒಡೆಯ ಜನರ ಎದುರು ಬರುವಂತಿಲ್ಲ. ಅರಮನೆ ಅದನ್ನು ಮುಚ್ಚಿಟ್ಟಿತ್ತು.

ಬಿರಾಗೊ ಮತ್ತೆ ತಲೆ ಬಗ್ಗಿಸಿದಳು.

ನಾನಾ ಮಾತುಗಾರನ ಕಡೆ ಬಗ್ಗಿ ಏನೋ ಹೇಳಿದರು. ಮಾತುಗಾರ ಸಭೆಗೆ ಕೇಳುವಂತೆ ಕೇಳಿದ: "ನಾನಾ ಕೇಳ್ತಿದ್ದಾರೆ. ನಾನು ಸತ್ತೆ ಅಂತ ನಿನಗೆ ಯಾರಮ್ಮ ಹೇಳಿದ್ದು? ನನಗಿನ್ನೂ ಹೇಳಿಲ್ಲವಲ್ಲ."

ಹಿರಿಯರ ಸಾಲಿನಲ್ಲಿ ಯಾರೋ ಕೆಮ್ಮಿದರು.

"ಯಾರೂ ಹೇಳಿಲ್ಲ," ಎಂದಳು ಬಿರಾಗೊ. "ನಾನೇ ಮುಂದೆ ಓಡಿದೆ."

"ಯಾಕೆ ಓಡಿದ್ದು ಅಂತ ಕೇಳ್ತಿದ್ದಾರೆ."

ಬಿರಾಗೊ ಇದ್ದದ್ದನ್ನೇ ಹೇಳಿದಳು.

"ಹಿಂದೆ ಒಬ್ಬಳು ಓಡಿ ಬರ್ತಿದ್ದಳು. ಚಿಕ್ಕವಳು. ನನಗಿಂತ ಚುರುಕು."

ನಾನಾ ಮಾತುಗಾರ ಅದನ್ನು ಮುಟ್ಟಿಸುವವರೆಗೆ ಕಾಯಲಿಲ್ಲ. ಕನ್ನಡಕದ ಹಿಂದಿನಿಂದಲೇ ನಗು ಬಂತು, ಮೊದಲು ಭುಜ ಕುಲುಕಿತು, ಆಮೇಲೆ ರಾಜಮಾತೆಯೂ ಸೆರಗಿನಂತೆ ಹೊದ್ದ ಬಟ್ಟೆಯನ್ನು ಬಾಯಿಗೆ ಅಡ್ಡ ಹಿಡಿದಳು.

"ನಾನಾ ಹೇಳ್ತಿದ್ದಾರೆ," ಎಂದ ಮಾತುಗಾರ, ಅವನ ಮೀಸೆಯೂ ಅಲುಗುತ್ತಿತ್ತು. "ಕಣ್ಣು ಕೆಂಪಾದವಳಿಗೆ ಲೋಕವೆಲ್ಲ ಸಾವಿನ ಬಟ್ಟೆ ಉಟ್ಟ ಹಾಗೆ ಕಾಣುತ್ತೆ. ನನ್ನ ಕಣ್ಣಿನ ಪೊರೆ ತೆಗೆದಾಯ್ತು, ನಿನ್ನದು ಯಾವಾಗ?"

ಕುರಿಯನ್ನು ಒಪ್ಪಿಸಿಕೊಂಡರು. ಬಾಟಲಿಯ ಮದ್ಯವನ್ನು ಗತಿಸಿದ ಹಿರಿಯರಿಗಾಗಿ ನೆಲಕ್ಕೆ ಎರೆದರು. ಬಟ್ಟೆಯನ್ನು ಅಲ್ಲೇ ಇಟ್ಟು ಹೋಗಬೇಕೆಂದು ಅಪ್ಪಣೆಯಾಯಿತು. ನಾನಾ ಒಂದು ತುಂಡನ್ನು ಕೈಗೆ ತರಿಸಿಕೊಂಡು, ಕನ್ನಡಕ ಮೇಲೆತ್ತಿ, ಮೊಸಳೆಯನ್ನು ಹತ್ತಿರದಿಂದ ನೋಡಿದರು. ಮುದ್ರೆ ಸರಿಯಾಗಿದೆ ಎಂದು ಹೇಳಿಸಿದರು. ಕೊನೆಗೆ, ಸಾರ್ಪಾಂಗ್ ಏಳುವ ಹೊತ್ತಿಗೆ, ಇನ್ನೊಂದು ಮಾತು.

"ಗುತ್ತಿಗೆಯ ದಿನ ಈ ಹೆಂಗಸನ್ನೇ ಕರ್ಕೊಂಡು ಬಾ. ನಾನು ಬದುಕಿರೋದನ್ನ ಅವಳು ಆಗಾಗ ನೋಡಿ ಹೋಗ್ಲಿ."

ಮರುದಿನ ಬೆಳಿಗ್ಗೆ ಆಟಾಕೋರಾ ಈ ಕಥೆಯನ್ನು ಕುರಿಯ ದನಿಯ ಸಮೇತ ಇಡೀ ಆಫೀಸಿಗೆ ಹೇಳುತ್ತಿದ್ದ. ಸಾರ್ಪಾಂಗ್ ಎರಡು ಮೇಜಿನ ನಡುವೆ ನಿಂತರು. ಬಿರಾಗೊಳ ಮುಖ ನೋಡದೆಯೇ ಹೇಳಿದರು: "ಕೊನಾಡು, ಅರಮನೆಗೆ ಈ ಸಲ ಬಿರಾಗೊನೇ ಬರ್ಬೇಕಂತೆ. ನಾನಾ ಅಪ್ಪಣೆ. ನೀನು ಬೇಡ."

"ಸರಿ ಸರ್," ಎಂದಳು ಕೊನಾಡು. ಬಿರಾಗೊಳ ಕಡೆ ತಿರುಗಿದಳು. "ಅಭಿನಂದನೆ ಆಂಟಿ."

ನಗು ಬಾಯಿಯ ತನಕ ಬಂದು ಅಲ್ಲೇ ನಿಂತಿತ್ತು. ಹುಡುಗಿ ತಲೆ ತಗ್ಗಿಸಿ ಕಾಗದಗಳನ್ನು ಜೋಡಿಸಿದಳು, ಜೋಡಿಸಿದ್ದನ್ನೇ ಮತ್ತೆ ಜೋಡಿಸಿದಳು, ಸ್ಟೇಪ್ಲರನ್ನು ಬೇಕಾದ್ದಕ್ಕಿಂತ ಜೋರಾಗಿ ಒತ್ತಿದಳು.

ಆ ಮುಖ ಬಿರಾಗೊಗೆ ಚೆನ್ನಾಗಿ ಗೊತ್ತಿತ್ತು. ಮಳೆಗಾಲಕ್ಕೆ ಮುಂಚಿನಿಂದ ದಿನವೂ ಕನ್ನಡಿಯಲ್ಲಿ ನೋಡುತ್ತಿದ್ದ ಮುಖ. ಅವಳು ಡ್ರಾಯರಿನಿಂದ ಹುರಿದ ಕಡಲೆಕಾಯಿಯ ಉಳಿದ ಪೊಟ್ಟಣ ತೆಗೆದು, ಎದ್ದು ಹೋಗಿ, ಆಚೆ ಮೇಜಿನ ಮೇಲೆ ಇಟ್ಟಳು.

"ತಿನ್ನು," ಎಂದಳು. "ಹೊಟ್ಟೆ ಉರಿ ಸ್ವಲ್ಪ ಕಡಿಮೆ ಆಗುತ್ತೆ."