ಬಾಲ್ಕನಿಯಲ್ಲಿ ಒಣಗಿದ ಬೆಡ್‌ಶೀಟ್

ಪರದೇಶಕ್ಕೆ ಬಂದ ಮೇಲೆ ಅವಳ ಗಂಡನಿಗೆ ಎರಡು ಹುಚ್ಚು ಹಿಡಿದವು. ಒಂದು, ಶನಿವಾರ ಬಂತೆಂದರೆ ಕಾರು ಹೊರಡಲೇಬೇಕು. ಕೆರೆಯೋ, ಅಣೆಕಟ್ಟೋ, ಗುಡ್ಡದ ಮೇಲಿನ ಹಳೇ ಕೋಟೆಯೋ, ಯಾವುದಾದರೂ ಸರಿ. ಇನ್ನೊಂದು, ಹೋದಲ್ಲಿ ನಮ್ಮವರು ಅಂತ ನಾಲ್ಕು ಜನ ಸಿಕ್ಕರೆ ಹೆಂಡತಿಯ ಪೆದ್ದುತನದ ಕಥೆ ಹೇಳಿ ನಗಿಸಬೇಕು. ಮೊದಲನೇ ಹುಚ್ಚನ್ನು ಅವಳು ಹೇಗೋ ಸಹಿಸಿಕೊಂಡಳು. ಎರಡನೆಯದಕ್ಕೂ ಒಗ್ಗಿಹೋಗಿದ್ದಳು ಅಂತ ಬೇಕಾದರೆ ಅಂದುಕೊಳ್ಳಿ, ಅವಳನ್ನು ಯಾರೂ ಕೇಳಿರಲಿಲ್ಲ.

ಊರಲ್ಲಿದ್ದಾಗ ಅವಳು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಒಂದು ಸಲ ಕಣ್ಣು ಬಿಟ್ಟರೆ ಕೊನೇ ಬೆಂಚೂ ತೆಪ್ಪಗಾಗುತ್ತಿತ್ತು. ಇಲ್ಲಿ ಅವಳಿಗೆ ಕೆಲಸ ಮಾಡುವ ಪರವಾನಗಿ ಇಲ್ಲ, ಕಾರು ಓಡಿಸಲು ಬರುವುದಿಲ್ಲ, ಗಂಡನ ಬಾಯಿಗೆ ಸಿಕ್ಕಿದ್ದಷ್ಟೇ ಅವಳ ಪರಿಚಯ. ತಿರುಗುವ ಬಾಗಿಲಿನೊಳಗೆ ಸಿಕ್ಕಿಕೊಂಡು ಸುತ್ತಿದವಳು. ಮ್ಯೂಸಿಯಮ್ಮಿನ ಹೊರಗೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋದವಳು. ನಾಯಿಯ ಬಿಸ್ಕತ್ತು ತಂದು ಮನೆಗೆ ಬಂದವರಿಗೆ ಟೀ ಜೊತೆ ಕೊಟ್ಟವಳು. ಚಪ್ಪಲಿಯದು ನಿಜ. ಬಿಸ್ಕತ್ತಿನದು ಶುದ್ಧ ಸುಳ್ಳು, ಆದರೆ ಜನ ಅದಕ್ಕೇ ಹೆಚ್ಚು ನಗುತ್ತಿದ್ದರು.

ಹೇಳುವುದಿಲ್ಲ ಅಂತ ಅವನು ಆಣೆ ಮಾಡಿದ್ದು ಒಂದೇ ಕಥೆಗೆ, ಬೆಡ್‌ಶೀಟಿನದಕ್ಕೆ.

ಹಿಂದಿನ ವರ್ಷ ಸಮುದ್ರ ನೋಡಲು ಹೋಗಿ ಹೋಟೆಲಿನಲ್ಲಿ ಉಳಿದಿದ್ದರು. ಅವಳಿಗೆ ಆಗ ಮೂರು ತಿಂಗಳು. ಬೆಳಗ್ಗೆ ಏಳುವಾಗ ಹಾಸಿಗೆಯೆಲ್ಲ ರಕ್ತ. ಆಸ್ಪತ್ರೆಗೆ ಹೋದರು, ಡಾಕ್ಟರು ತಲೆಯಾಡಿಸಿದರು, ಮಧ್ಯಾಹ್ನಕ್ಕೆ ಖಾಲಿ ಹೊಟ್ಟೆ ಹೊತ್ತು ರೂಮಿಗೆ ವಾಪಸು ಬಂದಳು. ಬಂದವಳು ಮಲಗಲಿಲ್ಲ. ರೂಮು ಗುಡಿಸುವ ಹೆಂಗಸು ಬರುವುದರೊಳಗೆ ಬೆಡ್‌ಶೀಟು ಕಿತ್ತು, ಬಾತ್‌ಟಬ್ಬಿಗೆ ಹಾಕಿ, ಮಂಡಿಯೂರಿ ಕೂತು ಸೋಪಿನ ಚೂರಲ್ಲಿ ಉಜ್ಜಿ ಉಜ್ಜಿ ತೊಳೆದಳು. ಅದನ್ನು ಯಾರದೋ ಕೈಗೆ ಹೇಗೆ ಕೊಡುವುದು, ಯಾವುದೋ ಮಿಷನ್ನಿಗೆ ಹೇಗೆ ಹಾಕಿಸುವುದು? ತೊಳೆದಿದ್ದನ್ನು ಬಾಲ್ಕನಿಯ ಕಂಬಿಯ ಮೇಲೆ ಒಣಹಾಕಿದಳು. ಕೆಳಗಿನಿಂದ ಫೋನು ಬಂತು, ಇದು ಧೋಬಿಘಾಟಲ್ಲ, ತೆಗೆಯಿರಿ ಅಂತ. ಗಂಡ ಕೆಳಗೆ ಹೋಗಿ ಕ್ಷಮೆ ಕೇಳಿ ಬಂದ. ಮನೆಗೆ ಬರುವ ದಾರಿಯಲ್ಲಿ ಕಾರು ನಿಲ್ಲಿಸಿ ಅವಳ ತಲೆ ಮುಟ್ಟಿ, ಇದು ನಮ್ಮಿಬ್ಬರಲ್ಲೇ ಇರಲಿ, ನಿನ್ನಾಣೆ ಯಾರಿಗೂ ಹೇಳೋದಿಲ್ಲ ಅಂದ. ಆ ಒಂದು ಮಾತಿಗೆ ಅವಳು ಬಾಗಿಲಿನದು, ಬಿಸ್ಕತ್ತಿನದು ಎಲ್ಲವನ್ನೂ ಕ್ಷಮಿಸಿಬಿಟ್ಟಿದ್ದಳು, ಪಾಪದವಳು.

ಈಗ ಅವನ ಕೆಲಸ ಹೋಗಿತ್ತು. ಕಟ್ಟಡಗಳ ಲಿಫ್ಟು ರಿಪೇರಿ ಮಾಡುವ ಕಂಪನಿ, ಜನ ಜಾಸ್ತಿಯಾದರು ಅಂತ ಇವನನ್ನೂ ಮನೆಗೆ ಕಳಿಸಿತು. ಬೇರೆ ಕೆಲಸ ಸಿಗದಿದ್ದರೆ ಗಂಟುಮೂಟೆ ಕಟ್ಟಿ ವಾಪಸು ಹೋಗಬೇಕು. ಉಳಿದಿದ್ದು ದೊಡ್ಡಣ್ಣ ಒಬ್ಬರೇ. ಹಾಗಂತ ಎಲ್ಲರೂ ಕರೆಯುತ್ತಿದ್ದ ಆ ಮನುಷ್ಯ ನಮ್ಮ ಕಡೆಯವರೇ, ಎಷ್ಟೋ ವರ್ಷದ ಹಿಂದೆ ಬಂದು ಅರ್ಧ ಪಟ್ಟಣದ ಲಿಫ್ಟುಗಳ ಗುತ್ತಿಗೆ ಹಿಡಿದು ಕೂತವರು. ಅವರಿಗೆ ನಗು ಅಂದರೆ ಪ್ರಾಣ. ನಗಿಸಿದವನಿಗೆ ಕೆಲಸ ಕೊಡುತ್ತಾರೆ, ಬೋರು ಹೊಡೆಸಿದವನ ಫೋನೂ ಎತ್ತುವುದಿಲ್ಲ. ಅವರೇ ಈ ಶನಿವಾರ ಕೆರೆಯ ಹತ್ತಿರ ಬನ್ನಿ ಅಂದಿದ್ದರು.

ಹೊರಡುವಾಗ ಗಂಡ, ಇವತ್ತೊಂದು ದಿನ ಮುಖ ಗಂಟಿಕ್ಕಬೇಡ ಮಾರಾಯ್ತಿ, ನಗ್ತಾ ಇರು ಅಂತ ಬೇಡಿಕೊಂಡ. ಅವಳು ಬುತ್ತಿ ಡಬ್ಬಿಗಳಿಗೆ ಮುಚ್ಚಳ ಹಾಕುತ್ತ ಒಂದೇ ಮಾತು ಹೇಳಿದಳು.

"ಏನು ಬೇಕಾದ್ರೂ ಹೇಳ್ಕೊಳ್ಳಿ ರೀ. ಅದೊಂದು ಬೇಡ."

"ನಾನೇನು ಮನುಷ್ಯ ಅಲ್ವಾ?" ಅಂದ ಅವನು. ಅವಳು ನಂಬಿದಳು.

ಕೆರೆಯ ದಂಡೆಯಲ್ಲಿ ಮರದ ಮೇಜು, ಬೆಂಚು. ದೊಡ್ಡಣ್ಣ ನಡುವೆ ಕೂತರು, ಪಕ್ಕದಲ್ಲಿ ಎಲ್ಲರೂ ಅತ್ತಿಗೆ ಅನ್ನುತ್ತಿದ್ದ ಅವರ ಹೆಂಡತಿ, ಎದುರಿಗೆ ಅವರ ಕೈಕೆಳಗಿನ ಇಬ್ಬರು ಮೇಸ್ತ್ರಿಗಳು. ಊಟ ಮುಗಿಯುವ ಮೊದಲೇ ಗಂಡ ಶುರುಹಚ್ಚಿಕೊಂಡ. ತಿರುಗುವ ಬಾಗಿಲಿಗೆ ದೊಡ್ಡಣ್ಣನ ಹೊಟ್ಟೆ ಕುಣಿಯಿತು. ಚಪ್ಪಲಿಗೆ ಮೇಜು ಗುದ್ದಿದರು. ಬಿಸ್ಕತ್ತಿಗೆ ಮೇಸ್ತ್ರಿಯೊಬ್ಬ ಬೊಗಳಿಯೂ ತೋರಿಸಿದ. ಅವಳು ಹಲ್ಲು ಕಿರಿದುಕೊಂಡು ಬಡಿಸುತ್ತಲೇ ಇದ್ದಳು. ಹೇಳಿದ್ದು ಯಾವುದು, ಬಾಕಿ ಯಾವುದು ಅಂತ ಒಳಗೊಳಗೇ ಲೆಕ್ಕ ಹಾಕುತ್ತಿದ್ದಳು.

ಕಥೆಗಳು ಬೇಗ ತೀರಿದವು. ದೊಡ್ಡಣ್ಣ ಆಕಳಿಸಿದರು. ಕೆಲಸದ ಮಾತು ಇನ್ನೂ ಬಂದಿರಲಿಲ್ಲ. ಅತ್ತಿಗೆ ಚೀಲಕ್ಕೆ ತಟ್ಟೆ ತುಂಬಲು ಶುರು ಮಾಡಿದರು, ಹೊರಡೋಣವಾ ಅಂತ ದೊಡ್ಡಣ್ಣನ ಮುಖ ನೋಡಿದರು. ಅವಳ ಗಂಡನ ಹಣೆಯ ಮೇಲೆ ಬೆವರು ಮೂಡಿತು. ಅವನ ಕಣ್ಣು ಒಮ್ಮೆ ಇವಳ ಕಡೆ ಬಂದು ತಕ್ಷಣ ಜಾರಿತು. ಅಷ್ಟರಲ್ಲೇ ಅವಳಿಗೆ ಗೊತ್ತಾಗಿಹೋಯಿತು. ಬೇಡ ಅನ್ನುವಂತೆ ತಲೆ ಅಲ್ಲಾಡಿಸಿದಳು. ನೋಡಬೇಕಾದವನು ಕೆರೆ ನೋಡುತ್ತಿದ್ದ.

"ಅಣ್ಣಾ, ಬೆಡ್‌ಶೀಟಿನ ಕಥೆ ನಿಮಗೆ ಹೇಳಿಯೇ ಇಲ್ಲ ನೋಡಿ."

ಹೇಳಿದ್ದಷ್ಟೇ ಅಲ್ಲ, ಮಾಡಿ ತೋರಿಸಿದ ಪುಣ್ಯಾತ್ಮ. ಹುಲ್ಲಿನ ಮೇಲೆ ಮಂಡಿಯೂರಿ, ಸೆರಗು ಸಿಕ್ಕಿಸಿದಂತೆ ಮಾಡಿ, ಉಸ್ಸಪ್ಪಾ ಅನ್ನುತ್ತ ಬಟ್ಟೆ ಒಗೆದ. ಹೋಟೆಲಿನ ಮ್ಯಾನೇಜರನ ದನಿ ತೆಗೆದ. ಸಮುದ್ರದ ಕಡೆಯ ಗಾಳಿಗೆ ಬೆಡ್‌ಶೀಟು ಪಟಪಟ ಹಾರಾಡಿದ್ದನ್ನು ಎರಡೂ ಕೈ ಚಾಚಿ ತೋರಿಸಿದ. ದೊಡ್ಡಣ್ಣ ಹೊಟ್ಟೆ ಹಿಡಿದುಕೊಂಡು ಬೆಂಚಿನಿಂದ ಜಾರುವುದೊಂದು ಬಾಕಿ. ಅತ್ತಿಗೆ ಕಣ್ಣೊರೆಸಿಕೊಳ್ಳುತ್ತ, ಅಲ್ಲಮ್ಮಾ, ತೊಳೆಯೋ ಅಂಥದ್ದು ಏನಾಗಿತ್ತು ಅದಕ್ಕೆ ಅಂತ ಇವಳನ್ನೇ ಕೇಳಿದರು.

"ಟೊಮೇಟೊ ಸಾಸು," ಅಂದ ಗಂಡ, ಅವಳು ಬಾಯಿ ತೆರೆಯುವ ಮೊದಲೇ. "ಹಾಸಿಗೆ ಮೇಲೆ ಕೂತು ತಿಂತಾಳೆ, ಬಾಟಲಿ ಪೂರ್ತಿ ಚೆಲ್ಲಿಕೊಂಡಿದ್ದಳು."

ಸೌಟು ಒರೆಸುತ್ತಿದ್ದ ಅವಳ ಕೈ ನಿಂತಿತು. ಇಷ್ಟು ದಿನ ಅವಳು ಅಂದುಕೊಂಡಿದ್ದು, ಇವನೂ ಒಳಗೊಳಗೇ ಅಳುತ್ತಿದ್ದಾನೆ, ಗಂಡಸು, ತೋರಿಸಿಕೊಳ್ಳುವುದಿಲ್ಲ ಅಂತ. ಆ ನಂಬಿಕೆ ಈಗ ಹೋಯಿತು. ಕೆಲಸ ಸಿಗದಿದ್ದರೆ ಬೇಡ, ನಾಳೆಯೇ ಊರಿನ ವಿಮಾನ ಹತ್ತಿದರೂ ಹತ್ತಲಿ ಅಂದುಕೊಂಡಳು. ಕ್ಲಾಸಿನಲ್ಲಿ ಮಾತಾಡುತ್ತಿದ್ದ ಹಾಗೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಸಾಸಲ್ಲ ಅತ್ತಿಗೆ. ಅದು ನಮ್ಮ ಮಗು."

ದೊಡ್ಡಣ್ಣನ ಬಾಯಿ ತೆರೆದಂತೆಯೇ ಇತ್ತು. ಮೇಸ್ತ್ರಿಗಳು ತಲೆ ತಗ್ಗಿಸಿ ಬೆರಳ ಉಗುರು ನೋಡಿಕೊಂಡರು. ಅವಳ ಗಂಡನ ಮುಖ ಬಿಳಿಚಿಕೊಂಡಿತು, ಆದರೆ ಒಂದೇ ಗಳಿಗೆ. ಆಮೇಲೆ ಅವನು ಎದ್ದುನಿಂತು ಚಪ್ಪಾಳೆ ಹೊಡೆದ.

"ನೋಡಿದ್ರಾ ಅಣ್ಣಾ, ನನ್ನ ಜೊತೆ ಇದ್ದೂ ಇದ್ದೂ ಇವಳೂ ಕಲಿತುಬಿಟ್ಟಳು. ಎಲ್ಲರನ್ನೂ ಹೇಗೆ ಬೇಸ್ತು ಬೀಳಿಸಿದಳು ನೋಡಿ."

ಮೊದಲು ಒಬ್ಬ ಮೇಸ್ತ್ರಿ ನಕ್ಕ. ಆಮೇಲೆ ದೊಡ್ಡಣ್ಣ ಹೋ ಅಂತ ನಕ್ಕರು, ಮುಜುಗರ ತಪ್ಪಿತಲ್ಲಪ್ಪ ಅನ್ನೋ ಸಮಾಧಾನದಿಂದ ಕೆಮ್ಮು ಬರುವ ತನಕ ನಕ್ಕರು. ಅತ್ತಿಗೆ ಮಾತ್ರ ನಗದೆ ಇವಳ ಮುಖವನ್ನೇ ನೋಡಿದರು. ಹೆತ್ತವರು, ಅವರಿಗೆ ಅರ್ಥವಾಗಿತ್ತು. ಅರ್ಥವಾಗಿದ್ದು ಇವಳಿಗೂ ಕಂಡಿತು. ಒಂದು ಮಾತು ಆಡುತ್ತಾರೆ ಅಂತ ಅವಳು ಕಾದಳು. ಅತ್ತಿಗೆ ತಮ್ಮ ಗಂಡನ ಕಡೆ ತಿರುಗಿ ನೋಡಿದರು, ಕರ್ಚೀಫು ಬಾಯಿಗೆ ಅಡ್ಡ ಹಿಡಿದುಕೊಂಡರು, ಆಮೇಲೆ ಅವರೂ ನಕ್ಕರು.

ಹೊರಡುವಾಗ ದೊಡ್ಡಣ್ಣ ಅವಳ ಗಂಡನ ಬೆನ್ನು ತಟ್ಟಿ ಸೋಮವಾರ ಆಫೀಸಿನ ಹತ್ತಿರ ಬಾ ಅಂದರು. ಕಾರು ಓಡಿಸುತ್ತ ಅವನು ಒಂದೆರಡು ಸಲ ಅವಳ ಕಡೆ ತಿರುಗಿ ನೋಡಿದ. ಕ್ಷಮೆ ಕೇಳಲು ಮಾತು ಹುಡುಕುತ್ತಿದ್ದಾನೆ ಅಂತ, ಇಷ್ಟಾದ ಮೇಲೂ, ಅವಳಿಗೊಂದು ಆಸೆ. ಪೇಟೆಯ ಮೊದಲ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವನು ಅವಳ ಕೈ ಮೇಲೆ ಕೈ ಇಟ್ಟ.

"ಮುಂದಿನ ಶನಿವಾರ ದೊಡ್ಡಣ್ಣನ ಬೀಗರು ಬರ್ತಾರಂತೆ, ನಮ್ಮನ್ನೂ ಕರೆದಿದ್ದಾರೆ. ಇದೇ ಕಥೆ ಹೇಳಬೇಕಂತೆ. ಸಾಸಿನ ತನಕ ನಾನು ಹೇಳ್ತೀನಿ, ಕೊನೇ ಮಾತು ನೀನೇ ಹೇಳು. ಅವರು ಜೋರಾಗಿ ನಕ್ಕಿದ್ದು ಅಲ್ಲೇ ಕಣೇ."