ಬೇರೆ ಒಲೆ

"ತಮ್ಮ ಅಂದರೆ? ಒಂದೇ ತಾಯಿಯ ಮಕ್ಕಳಾ?" ಮೇಜಿನಾಚೆಯ ಹೆಂಗಸು ಪೆನ್ನು ಎತ್ತಿ ಹಿಡಿದು ಕೇಳಿದಳು.

ಅಲ್ಲ, ಚಿಕ್ಕಪ್ಪನ ಮಗ, ಎಂದ ಜಯಕರ. ನಮ್ಮಲ್ಲಿ ಅದೂ ತಮ್ಮನೇ ಎಂದು ಸೇರಿಸಿದ್ದನ್ನು ಅವಳು ಕೇಳಿಸಿಕೊಳ್ಳಲಿಲ್ಲ. ಫಾರ್ಮಿನಲ್ಲಿದ್ದ 'ಬ್ರದರ್' ಎಂಬುದರ ಮೇಲೆ ಗೆರೆ ಎಳೆದು 'ಕಸಿನ್' ಎಂದು ಬರೆದಳು.

"ಸಾಮಾನು ಒಟ್ಟಿಗೆ ತಂದು ಒಟ್ಟಿಗೆ ಅಡುಗೆ ಮಾಡುತ್ತೀರಾ?"

"ಮತ್ತೆ? ಒಂದು ಮನೆಯಲ್ಲಿ ಎರಡು ಅಡುಗೆ ಮಾಡುತ್ತಾರೆಯೇ?"

"ಹಾಗಾದರೆ ಅವನ ಸಂಬಳವೂ ನಿಮ್ಮ ಮನೆಯ ಆದಾಯ." ಅವಳು ಪೆನ್ನು ಕೆಳಗಿಟ್ಟಳು. "ನಿಮಗೆ ಏನೂ ಸಿಗುವುದಿಲ್ಲ."

ಜಯಕರನಿಗೆ ನಲವತ್ತೈದು. ಫ್ರೀಮಾಂಟಿನ ಒಂದು ಡಿಸ್ಕ್ ಡ್ರೈವ್ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷ ಮಾಲು ಪರೀಕ್ಷಿಸುವ ಇನ್ಸ್‌ಪೆಕ್ಟರ್ ಆಗಿದ್ದವನನ್ನು ಹಿಂದಿನ ಜುಲೈನಲ್ಲಿ ಇನ್ನೂರು ಜನರ ಜೊತೆ ಮನೆಗೆ ಕಳಿಸಿದ್ದರು. ಆರು ತಿಂಗಳು ಬಂದ ನಿರುದ್ಯೋಗದ ಚೆಕ್ಕು ಜನವರಿಗೆ ನಿಂತಿತು. ಆ ಚೆಕ್ಕಿಗೆ ಮನೆಯಲ್ಲಿ ಯಾರಿದ್ದಾರೆ ಎಂದು ಯಾರೂ ಕೇಳಿರಲಿಲ್ಲ. ಈಗ ಉಳಿದಿದ್ದದ್ದು ಕೌಂಟಿಯ, ಎಂದರೆ ಜಿಲ್ಲಾಡಳಿತದ, ನೆರವು ಮತ್ತು ದಿನಸಿ ಕೊಳ್ಳಲು ಕೊಡುವ ಫುಡ್ ಸ್ಟ್ಯಾಂಪು. ಅದಕ್ಕೆ ಮನೆಯವರೆಲ್ಲರ ಲೆಕ್ಕ ಬೇಕು. ಓಕ್ಲ್ಯಾಂಡಿನ ಆ ಕಚೇರಿಯಲ್ಲಿ ಬೆಳಿಗ್ಗೆ ಏಳಕ್ಕೇ ಬಂದು ಸಾಲಿನಲ್ಲಿ ನಿಂತಿದ್ದ.

ಹೆಂಗಸು ಇನ್ನೊಂದು ಕಾಗದ ದೂಡಿದಳು. ಆ ಕಸಿನ್ ಬೇರೆಯಾಗಿ ಸಾಮಾನು ತಂದು ಬೇರೆಯಾಗಿ ಬೇಯಿಸಿಕೊಳ್ಳುವುದಾದರೆ ಇಬ್ಬರೂ ಸಹಿ ಹಾಕಿ ತನ್ನಿ. ಯಾರಾದರೂ ಬಂದು ನೋಡಿದರೂ ನೋಡಬಹುದು. ಅಷ್ಟು ಹೇಳಿ ಅವಳು ಮುಂದಿನ ನಂಬರು ಕೂಗಿದಳು.

ಆ ತಮ್ಮ ಉಮಾನಾಥನನ್ನು ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿಸಿದವನು ಜಯಕರನೇ. ಮುಂದೆ ಓದಲು ಇಲ್ಲಿಗೆ ಕರೆಸಿಕೊಂಡವನೂ ಅವನೇ. ಐದು ವರ್ಷದಿಂದ ಅಪಾರ್ಟ್‌ಮೆಂಟಿನ ಸಣ್ಣ ರೂಮು ಉಮಾನಾಥನದು. ಈಗ ಅವನು ಸಾಂಟಾ ಕ್ಲಾರಾದ ಚಿಪ್ ಕಂಪನಿಯಲ್ಲಿ ಎಂಜಿನಿಯರ್, ಸರಟೋಗಾದಲ್ಲಿ ಮನೆ ನೋಡುತ್ತಿದ್ದ. ಎರಡು ತಿಂಗಳಿಂದ ಬಾಡಿಗೆ ಅವನೇ ಕೊಡುತ್ತಿದ್ದ. ಬಾಡಿಗೆ ಕೊಡತೊಡಗಿದ ಮೇಲೆ ಹೀಟರು ಆರಿಸುವುದು, ಗ್ರೋಸರಿ ಚೀಲ ಬಿಚ್ಚಿ ನೋಡುವುದು, ಅಣ್ಣ ಸೋಫಾದಲ್ಲಿ ಕೂತಿದ್ದರೆ ಟಿವಿ ಬಂದ್ ಮಾಡಿ ಪೇಪರಿನ ಕೆಲಸದ ಪುಟ ಮುಂದಿಡುವುದು ಎಲ್ಲವೂ ಶುರುವಾಗಿತ್ತು.

ಆ ಸಂಜೆ ಕಾಗದ ನೋಡಿ ಉಮಾನಾಥ ಬೂಟು ಬಿಚ್ಚುವುದನ್ನೂ ಮರೆತ.

"ವೆಲ್ಫೇರಾ? ನಮ್ಮವರು ಯಾರಾದ್ರೂ ವೆಲ್ಫೇರಿಗೆ ಹೋದದ್ದುಂಟಾ ಅಣ್ಣ? ಊಟ ಹಾಕ್ಲಿಕ್ಕೆ ನಾನು ಇಲ್ವಾ?"

"ನೀನು ಹಾಕೂದುಂಟು. ಹಾಕಿ ಹಾಕಿ ಹೇಳೂದೂ ಉಂಟು. ಅದೇ ನನಗೆ ಬೇಡ."

"ನಾನು ಎಂತ ಹೇಳಿದೆ?"

"ಮೊನ್ನೆ ಪದ್ಮಜಾ ಎರಡನೇ ಸಲ ಹಾಲು ಕೇಳಿದಾಗ ಎಂತ ಹೇಳಿದೆ ನೆನಪು ಮಾಡಿಕೋ."

ಜಯಕರನ ಹೆಂಡತಿ ಸೌದಾಮಿನಿ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಇಬ್ರೂ ಸ್ವಲ್ಪ ಸುಮ್ಮನಿರಿ. ಪಕ್ಕದ ಮನೆಗೆ ಕೇಳ್ತದೆ" ಎಂದಳು. ಯಾರೂ ಸುಮ್ಮನಾಗಲಿಲ್ಲ.

"ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿದ್ದೇನೆ. ಸುಳ್ಳು ಕಾಗದಕ್ಕೆ ನಾನು ಸಹಿ ಹಾಕೂದಿಲ್ಲ" ಎಂದ ಉಮಾನಾಥ. "ನಿಜ ಮಾಡಿ, ಹಾಕ್ತೇನೆ. ನಾಳೆಯಿಂದಲೇ ಬೇರೆ ಒಲೆ. ನಿಮಗೆ ಧೈರ್ಯ ಉಂಟಾ?"

"ಮಾಡು ಮಾರಾಯ, ನಾನು ಬೇಡ ಅಂದೆನಾ?"

ಶನಿವಾರ ಉಮಾನಾಥ ಒಂದು ಕರೆಂಟಿನ ಒಲೆ, ಒಂದು ಪಾತ್ರೆ, ಎರಡು ತಟ್ಟೆ ತಂದು ತನ್ನ ರೂಮಿನ ಕಿಟಕಿಯ ಕೆಳಗಿಟ್ಟ. ಫ್ರಿಜ್ಜಿನ ಕೆಳಗಿನ ಖಾನೆ ಅವನದಾಯಿತು. ಜಯಕರ ಅದಕ್ಕೆ ಬಿಳಿ ಟೇಪು ಅಂಟಿಸಿ ಹೆಸರು ಬರೆದ. ಸಹಿ ಬಿತ್ತು, ಕಾಗದ ಓಕ್ಲ್ಯಾಂಡಿಗೆ ಹೋಯಿತು. ಉಮಾನಾಥನಿಗೆ ಅನ್ನ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಸೌದಾಮಿನಿ ಒಗ್ಗರಣೆ ಹಾಕುವ ಹೊತ್ತಿಗೆ ಅವನು ರೂಮಿನ ಬಾಗಿಲು ಹಾಕಿಕೊಂಡು ಮೊಸರನ್ನ ತಿನ್ನುತ್ತಿದ್ದ. ಒಂಬತ್ತು ವರ್ಷದ ಮಗಳು ಪದ್ಮಜಾ ಮೊದಲ ದಿನ, "ಅಮ್ಮಾ, ಈಸ್ ಚಿಕ್ಕಪ್ಪ ಮ್ಯಾಡ್ ಅಟ್ ಅಸ್?" ಎಂದು, ಚಿಕ್ಕಪ್ಪನಿಗೆ ನಮ್ಮ ಮೇಲೆ ಸಿಟ್ಟೇ ಎಂದು, ಕೇಳಿದಳು. ಆಮೇಲೆ ಕೇಳಲಿಲ್ಲ.

ಮೂರನೆಯ ವಾರ ಉಮಾನಾಥನಿಗೆ ಜ್ವರ ಬಂತು. ಎರಡು ದಿನ ಅವನ ಒಲೆ ಹೊತ್ತಲಿಲ್ಲ. ಗುರುವಾರ ಬೆಳಿಗ್ಗೆ ಜಯಕರ ಕೆಲಸ ಕೇಳಿಕೊಂಡು ಹಾರ್ಬರಿನ ಕಡೆ ಹೋಗಿದ್ದಾಗ ಸೌದಾಮಿನಿ ಗಂಜಿ ಮಾಡಿ, ಉಪ್ಪಿನಕಾಯಿ ಇಟ್ಟು, ರೂಮಿನ ಬಾಗಿಲು ತಟ್ಟಿದಳು.

"ಬೇಡ ಅತ್ತಿಗೆ. ಅಣ್ಣನಿಗೆ ಗೊತ್ತಾದ್ರೆ..."

"ನಿನ್ನ ಅಣ್ಣನ ಕಾಗದದಲ್ಲಿ ಗಂಜಿಯ ವಿಷಯ ಬರೆದಿಲ್ಲ. ಹೊರಗೆ ಬಾ, ಬಿಸಿಲು ಉಂಟು."

ಅವನು ಶಾಲು ಹೊದ್ದು ಊಟದ ಮೇಜಿಗೆ ಬಂದು ಕೂತ. ನಾಲ್ಕು ತುತ್ತು ಇಳಿದಿರಬೇಕು, ಬಾಗಿಲು ತೆರೆಯಿತು. ಜಯಕರ ಒಳಗೆ ಬಂದ. ಅವನ ಹಿಂದೆಯೇ ಕಂದು ಕೋಟಿನ ಒಬ್ಬ ಗಂಡಸು, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಕಾಗದಗಳು. ಕೌಂಟಿಯವನು ಕೆಳಗೆ ಮೆಟ್ಟಿಲ ಬಳಿ ಜಯಕರನಿಗೆ ಎದುರಾಗಿದ್ದ.

ಕೋಟಿನವನು ಫ್ರಿಜ್ಜು ತೆಗೆದು ಬಿಳಿ ಟೇಪು ನೋಡಿದ. ರೂಮಿಗೆ ಇಣುಕಿ ಒಲೆ ನೋಡಿದ. ಎಲ್ಲಕ್ಕೂ ಗುರುತು ಹಾಕಿಕೊಂಡ. ಕೊನೆಗೆ ಮೇಜಿನ ಬಳಿ ಬಂದು, ಸ್ಟವ್ ಮೇಲೆ ಇನ್ನೂ ಹಬೆಯಾಡುತ್ತಿದ್ದ ದೊಡ್ಡ ಪಾತ್ರೆಯನ್ನೂ ಉಮಾನಾಥನ ಮುಂದಿದ್ದ ಬಟ್ಟಲನ್ನೂ ನೋಡಿದ.

"ಇವರೇ ಆ ಕಸಿನ್ನಾ? ಇವರು ತಿನ್ನುತ್ತಿರುವುದು ಯಾರು ಮಾಡಿದ್ದು?"

ಸೌದಾಮಿನಿ ಬಾಯಿ ತೆರೆದಳು. ಅವಳಿಗಿಂತ ಮೊದಲು ಜಯಕರ ಮಾತಾಡಿದ.

"ನಮ್ಮದು. ಇವನು ಕೇಳದೆ ತಗೊಂಡಿದ್ದಾನೆ. ಹಿಂದೆಯೂ ಹೇಳಿದ್ದೇನೆ, ಕೇಳುವುದಿಲ್ಲ. ನಾವು ಮನೆಯಲ್ಲಿ ಇಲ್ಲದಾಗ ತೆಗೆಯುತ್ತಾನೆ."

ಇಂಗ್ಲಿಷಿನಲ್ಲಿ ಅಷ್ಟು ಸರಾಗವಾಗಿ ಅವನು ಎಂದೂ ಮಾತಾಡಿರಲಿಲ್ಲ. ಸೌದಾಮಿನಿ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಅವಳು ಮನೆಯಲ್ಲಿಯೇ, ಮೂರು ಅಡಿ ದೂರದಲ್ಲಿ ನಿಂತಿದ್ದಳು.

ಕೋಟಿನವನು ಉಮಾನಾಥನ ಕಡೆ ತಿರುಗಿದ. "ಹೌದಾ?"

ಉಮಾನಾಥ ಅಣ್ಣನನ್ನು ನೋಡಿದ. ಜ್ವರದ ಕಣ್ಣು ಕೆಂಪಗಿತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು. ಅವನು ಚಮಚ ಬಟ್ಟಲೊಳಗೆ ಇಟ್ಟು, ಬಟ್ಟಲನ್ನು ಮೇಜಿನ ನಡುವಿಗೆ ಸರಿಸಿದ.

"ಹೌದು. ಕದ್ದು ತಿಂದೆ" ಎಂದ.

ಕೋಟಿನವನು ಏನೋ ಬರೆದುಕೊಂಡ. ಮನೆಯೊಳಗಿನ ಕಳ್ಳತನ ತನ್ನ ಕೆಲಸಕ್ಕೆ ಸೇರಿದ್ದಲ್ಲ, ಆದರೆ ಅಡುಗೆಮನೆಯ ಕಪಾಟಿಗೆ ಬೀಗ ಹಾಕಿಸಿಕೊಳ್ಳುವುದು ಒಳ್ಳೆಯದು ಎಂದು ಜಯಕರನಿಗೆ ಹೇಳಿ ಹೋದ.

ಬಾಗಿಲು ಮುಚ್ಚಿದ ಮೇಲೆ ಮೊದಲು ಮಾತಾಡಿದವಳು ಸೌದಾಮಿನಿ. "ನಾನು ಬಡಿಸಿದ್ದು. ಜ್ವರ ಬಂದವನನ್ನು ಕರೆದು ಕೂರಿಸಿ ನಾನು ಬಡಿಸಿದ್ದು ಅದು."

"ನನಗೆ ಗೊತ್ತಿಲ್ವಾ?" ಎಂದ ಜಯಕರ. "ಇನ್ನೆಂತ ಹೇಳ್ಬೇಕಿತ್ತು? ಹೇಳು. ಆ ಮಗುವಿಗೆ ಎಂತ ತಿನ್ನಿಸೂದು?" ಸ್ವರ ಏರಿತ್ತು. ಉಮಾನಾಥನ ಕಡೆ ತಿರುಗಿ, "ನಿನಗೂ ಗೊತ್ತುಂಟಲ್ಲ? ಸುಮ್ಮನೆ ಹೇಳಿದ್ದು..." ಎನ್ನುವಷ್ಟರಲ್ಲಿ ಅವನು ಎದ್ದು ರೂಮಿಗೆ ಹೋಗಿಯಾಗಿತ್ತು.

ಮಂಜೂರಾತಿಯ ಕಾಗದ ಒಂಬತ್ತನೆಯ ದಿನ ಬಂತು. ಮನೆಯ ಸದಸ್ಯರು: ಮೂವರು. ಅದು ಬಂದ ಶನಿವಾರವೇ ಉಮಾನಾಥ ವಾಲ್ನಟ್ ಕ್ರೀಕಿನಲ್ಲಿ ಒಬ್ಬ ಸಹೋದ್ಯೋಗಿಯ ಜೊತೆ ಇರುವುದೆಂದು ಅತ್ತಿಗೆಗೆ ಹೇಳಿ ಸಾಮಾನು ಕಟ್ಟಿದ. ಅಲ್ಲಿಂದ ಸಾಂಟಾ ಕ್ಲಾರಾದ ಅವನ ಆಫೀಸು ಇನ್ನೂ ದೂರ. ಅವನು ಪದ್ಮಜಾಳ ತಲೆ ಮುಟ್ಟಿ ಮೆಟ್ಟಿಲಿಳಿದ.

ಜಯಕರ ಕಿಟಕಿಯಿಂದ ಸ್ವಲ್ಪ ಹೊತ್ತು ನೋಡಿದ. ಕೆಳಗೆ ಪಾರ್ಕಿಂಗಿನಲ್ಲಿ ಹಳೆಯ ಕಾರಿನ ಡಿಕ್ಕಿಯ ಮುಚ್ಚಳ ನಿಲ್ಲುತ್ತಿರಲಿಲ್ಲ. ಉಮಾನಾಥ ಅದನ್ನು ಹೆಗಲಿಂದ ತಡೆದುಕೊಂಡು ಒಂದೊಂದೇ ಪೆಟ್ಟಿಗೆ ತೂರಿಸುತ್ತಿದ್ದ. ಜಯಕರ ಚಪ್ಪಲಿ ಮೆಟ್ಟಿ ಇಳಿದು ಹೋದ. ಮುಚ್ಚಳವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದ. ಉಮಾನಾಥ ತಲೆ ಎತ್ತಲಿಲ್ಲ. ಪುಸ್ತಕಗಳನ್ನು ಒಳಗಿಟ್ಟ, ಹೊರಗೆ ತೆಗೆದ, ಇನ್ನೊಂದು ಬದಿಗಿಟ್ಟ. ಎಲ್ಲ ಮುಗಿದ ಮೇಲೂ ಬಗ್ಗಿ ಏನನ್ನೋ ಸರಿಪಡಿಸುತ್ತಲೇ ಇದ್ದ. ಜಯಕರನ ತೋಳು ಸೋಲತೊಡಗಿತು. ಅವನು ಕೈ ಬದಲಿಸಿ, ಹಿಡಿದೇ ನಿಂತ.